ಮಗುವಿನ ಅಭಿಪ್ರಾಯ ಪಡೆಯಲಾಗಿದೆ

ಈ ಒಂದು ಸಾಲನ್ನು ಮೂರು ವರ್ಷದಲ್ಲಿ ಎಷ್ಟು ಸಲ ಬರೆದೆನೋ, ಬೇರೆಯವರು ಬರೆದದ್ದರ ಕೆಳಗೆ ಎಷ್ಟು ಸಲ ಸಹಿ ಹಾಕಿದೆನೋ, ಲೆಕ್ಕ ಇಟ್ಟಿಲ್ಲ. ಉತ್ತರ ಕರ್ನಾಟಕದ ಒಂದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ನಾನು ಸದಸ್ಯೆಯಾಗಿದ್ದೆ. ಅದಕ್ಕೂ ಮೊದಲು 20 ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದ್ದೆ. ಮಕ್ಕಳ ಜೊತೆ ಮಾತಾಡೋದು ನನಗೆ ಬರುತ್ತದೆ ಅಂತ ಗಟ್ಟಿಯಾಗಿ ನಂಬಿದ್ದೆ. ಆ ನಂಬಿಕೆ ಮುರಿದವನು ಒಬ್ಬ 11 ವರ್ಷದ ಹುಡುಗ. ಅವನ ಹೆಸರು, ಊರು ಹೇಳುವುದಿಲ್ಲ. ಇಂಥ ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ ಕಾನೂನೇ ಇದೆ. ಇಲ್ಲಿ ಬರುವ ಎಲ್ಲ ಮಕ್ಕಳ ಬಗ್ಗೆಯೂ ಒಂದೆರಡು ವಿವರ ಬದಲಿಸಿದ್ದೇನೆ.

ಸಮಿತಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವಧಿ ಮೂರು ವರ್ಷ. ಮನೆ ಬಿಟ್ಟು ಬಂದ ಮಗು, ಕೆಲಸಕ್ಕೆ ಹಚ್ಚಿದ ಮಗು, ಹೊಡೆತ ತಿಂದ ಮಗು, ಮದುವೆ ಗೊತ್ತುಮಾಡಿದ ಹುಡುಗಿ, ಯಾರೇ ಇರಲಿ, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯ ಒಳಗೆ ನಮ್ಮ ಮುಂದೆ ಕರೆತರಬೇಕು. ಪೊಲೀಸರು ತರಬಹುದು, ಮಕ್ಕಳ ಸಹಾಯವಾಣಿ 1098ರವರು ತರಬಹುದು, ಊರಿನ ಯಾರಾದರೂ ತರಬಹುದು. ಮಗು ತಾನೇ ನಡೆದು ಬಂದು ನಮ್ಮ ಮುಂದೆ ನಿಲ್ಲಬಹುದು ಅಂತಲೂ 2015ರ ಬಾಲ ನ್ಯಾಯ ಕಾಯ್ದೆಯಲ್ಲಿದೆ. ಆಮೇಲೆ ಅದು ಎಲ್ಲಿರಬೇಕು, ಯಾರ ಜೊತೆ ಇರಬೇಕು ಅಂತ ತೀರ್ಮಾನ ಮಾಡೋದು ನಾವು. ಮ್ಯಾಜಿಸ್ಟ್ರೇಟರಿಗೆ ಇರುವಂಥ ಅಧಿಕಾರ ಅದು. ಒಂದು ಮಧ್ಯಾಹ್ನದಲ್ಲಿ ಒಂದು ಜೀವದ ದಾರಿ ಬದಲಾಗಿ ಹೋಗುತ್ತದೆ.

ಆ ಹುಡುಗನನ್ನು ರೈಲ್ವೆ ಪೊಲೀಸರು ಕರೆತಂದಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬನೇ ಕೂತಿದ್ದನಂತೆ. ಜೊತೆಗೆ ಬಂದ ಕಾಗದದಲ್ಲಿ "ಗುರಿಯಿಲ್ಲದೆ ಅಲೆಯುತ್ತಿದ್ದ" ಅಂತ ಬರೆದಿತ್ತು. ಮರುದಿನ ಅವನ ಅಪ್ಪ ಬಂದರು. ಆಧಾರ್ ಕಾರ್ಡು, ರೇಷನ್ ಕಾರ್ಡು, ಶಾಲೆಯ ದಾಖಲೆ ಎಲ್ಲ ಸರಿಯಾಗಿ ಜೋಡಿಸಿಕೊಂಡೇ ಬಂದಿದ್ದರು. ಹುಡುಗ ಮೇಜಿನ ಈಚೆ ನಿಂತಿದ್ದ, ಅಪ್ಪ ಅವನ ಹಿಂದೆ, ಅಳತೆ ಮಾಡಿದರೆ ಎರಡು ಅಡಿ ದೂರದಲ್ಲಿ. "ಮನೆಗೆ ಹೋಗ್ತೀಯೇನಪ್ಪಾ?" ಅಂತ ಕೇಳಿದೆ. ಅಕ್ಕರೆಯಿಂದಲೇ ಕೇಳಿದೆ. ಅವನು ಕೆಳಗೆ ನೋಡುತ್ತ "ಹೂಂ ರೀ" ಅಂದ. ಮನೆಯ ಪರಿಸ್ಥಿತಿ ನೋಡಿಕೊಂಡು ಬರಲು ಸಮಾಜ ಕಾರ್ಯಕರ್ತರಿಗೆ ಕಾಯ್ದೆ 15 ದಿನ ಕೊಡುತ್ತದೆ. ನಾವು ಎರಡೇ ದಿನದಲ್ಲಿ ಮುಗಿಸಿದೆವು. ಹೊರಗೆ ಇನ್ನೂ ಆರು ಮಕ್ಕಳು ಕಾಯುತ್ತಿದ್ದರು. ಕಡತದಲ್ಲಿ ಬರೆದದ್ದು ಇಷ್ಟು: ಮಗುವಿನ ಅಭಿಪ್ರಾಯ ಪಡೆಯಲಾಗಿದೆ, ಮನೆಗೆ ಹೋಗಲು ಒಪ್ಪಿದ್ದಾನೆ.

ಮೂರು ತಿಂಗಳಿಗೆ ಅವನು ಮತ್ತೆ ಬಂದ. ಅದೇ ಸ್ಟೇಷನ್, ಅದೇ ಪ್ಲಾಟ್‌ಫಾರ್ಮ್. ಈ ಸಲ ಅಪ್ಪ ಬರುವ ಮೊದಲೇ ನಾನು ಅವನನ್ನು, ಇಂಥ ಮಕ್ಕಳನ್ನು ಇರಿಸುವ ಬಾಲಮಂದಿರದ ಹಿಂದಿನ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಚುರುಮುರಿ ತರಿಸಿದೆ. ಅರ್ಧ ಪೊಟ್ಟಣ ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಕೇಳಿದೆ, ಹೋದ ಸಲ ಮನೆಗೆ ಹೋಗ್ತೀನಿ ಅಂದಿದ್ದೆಯಲ್ಲ ಅಂತ. ಅವನು ನನ್ನ ಮುಖ ನೋಡಿದ. "ಮನಿ ಅಂದ್ರ ಅವ್ವನ ಮನಿ ಅಂತ ತಿಳಕೊಂಡಿದ್ನಿರೀ ಅಕ್ಕೋರ."

ಅವನ ಅವ್ವ ಗಂಡನ ಹೊಡೆತ ತಡೆಯಲಾರದೆ ವರ್ಷದ ಹಿಂದೆಯೇ ಮನೆ ಬಿಟ್ಟಿದ್ದಳು. ಗೋವಾದಲ್ಲಿ ಗೌಂಡಿಗಳ ಕೈಕೆಳಗೆ ದುಡಿಯುತ್ತಿದ್ದಳು. ಆ ಪ್ಲಾಟ್‌ಫಾರ್ಮಿಗೆ ಬರುವುದು ಗೋವಾಕ್ಕೆ ಹೋಗುವ ವಾಸ್ಕೋ ಗಾಡಿ. ಎರಡು ಸಲವೂ ಅವನು ಕೂತದ್ದು ಆ ಗಾಡಿಗೇ ಕಾದು. ಗುರಿಯಿಲ್ಲದೆ ಅಲೆಯುತ್ತಿದ್ದವನಲ್ಲ ಅವನು. ಅಲ್ಲಿ ಅವನಷ್ಟು ಸ್ಪಷ್ಟವಾದ ಗುರಿ ಇಟ್ಟುಕೊಂಡವರು ಯಾರೂ ಇದ್ದಿರಲಿಕ್ಕಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ನಾನು ಕೇಳಿದ್ದು ಹೌದು ಅಥವಾ ಇಲ್ಲ ಅನ್ನಬಹುದಾದ ಒಂದು ಪ್ರಶ್ನೆ, ಅದೂ ಅವನ ಅಪ್ಪನ ಎದುರಿಗೆ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಸಾಲನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ವರ್ಷಾ ವರ್ಷಾ ಕಲಿಸಿದವಳು ನಾನು. "ಪಡೆಯಲಾಗಿದೆ." ಯಾರು ಪಡೆದರು? ಎಲ್ಲಿ? ಯಾರು ಜೊತೆಗಿದ್ದರು? ಏನಂತ ಕೇಳಿದರು? ಮಗು ಯಾವ ಮಾತಲ್ಲಿ ಹೇಳಿತು? ಎಲ್ಲವೂ ಆ ಒಂದು ಕ್ರಿಯಾಪದದೊಳಗೆ ಅಡಗಿ ಕೂತುಬಿಡುತ್ತದೆ. ಕರ್ತೃವೇ ಇಲ್ಲದ ವಾಕ್ಯ ಅದು. ತಪ್ಪಾದರೆ ಯಾರನ್ನೂ ಕೇಳುವ ಹಾಗಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ, ಅದನ್ನು ಹೇಳಲೇಬೇಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ. ಭಾರತ ಒಪ್ಪಿಕೊಂಡದ್ದು 1992ರಲ್ಲಿ. ಅದರ 12ನೇ ವಿಧಿ ಹೇಳುವುದು, ತನಗೆ ಸಂಬಂಧಪಟ್ಟ ಎಲ್ಲ ವಿಷಯದಲ್ಲೂ ಮಗು ತನ್ನ ಅಭಿಪ್ರಾಯ ಹೇಳಬಹುದು, ಅದಕ್ಕೆ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕ ಬೆಲೆ ಸಿಗಬೇಕು ಅಂತ. ಬಾಲ ನ್ಯಾಯ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೂ ಅದೇ ಮಾತಿದೆ. ಕೂರುವ ಜಾಗ ಕೋರ್ಟಿನ ಥರ ಇರಬಾರದು, ಎತ್ತರದ ಕಟ್ಟೆ ಮೇಲೆ ನಾವು ಕೂರಬಾರದು, ಮಗುವಿಗೆ ಯಾರಿದ್ದರೆ ಹಿತವೋ ಅವರು ಮಾತ್ರ ಒಳಗಿರಬೇಕು. ಇವೆಲ್ಲ ಬರೆದಿಟ್ಟ ನಿಯಮಗಳೇ. ಆದರೆ ವಯಸ್ಸು ಮತ್ತು ತಿಳಿವಳಿಕೆ ಅನ್ನುವ ಮಾತನ್ನು ನಾವು ಬಳಸುವುದು ಹೆಚ್ಚಾಗಿ ಬಾಗಿಲು ಹಾಕಲಿಕ್ಕೆ. "ಅದಕ್ಕೇನು ತಿಳೀತದೆ, ಸಣ್ಣದು" ಅಂತ ಎಷ್ಟು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ?

ಸಣ್ಣದಕ್ಕೆ ಏನು ತಿಳಿಯುತ್ತದೆ ಅಂತ ನನಗೆ ತೋರಿಸಿದವಳು ಆರು ವರ್ಷದ ಒಬ್ಬ ಲಂಬಾಣಿ ಹುಡುಗಿ. ಸಂತೆಯಲ್ಲಿ ತಪ್ಪಿಸಿಕೊಂಡು ಸಿಕ್ಕಿದ್ದಳು. ಮೂರು ದಿನ ತುಟಿ ಬಿಚ್ಚಲಿಲ್ಲ. "ಮಗು ಪ್ರತಿಕ್ರಿಯಿಸುತ್ತಿಲ್ಲ, ಬುದ್ಧಿಮಟ್ಟ ಪರೀಕ್ಷಿಸಬೇಕು" ಅಂತ ವರದಿ ಬಂತು. ನಾನೂ ತಲೆಯಾಡಿಸಿದೆ. ನಾಲ್ಕನೇ ದಿನ ಬಾಲಮಂದಿರದ ಅಡುಗೆಯವರು ರೊಟ್ಟಿ ಬಡಿಯುತ್ತ ತಮ್ಮ ಪಾಡಿಗೆ ತಾವು ಏನೋ ಗುನುಗಿದರಂತೆ. ಅವರೂ ತಾಂಡಾದವರೇ. ಹುಡುಗಿ ಓಡಿಹೋಗಿ ಅವರ ಸೀರೆ ಹಿಡಿದುಕೊಂಡು ಒಂದೇ ಉಸಿರಿಗೆ ಮಾತು ಶುರು ಮಾಡಿದಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಅಷ್ಟೇ. ಅಪ್ಪ ಅವ್ವ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದಾರೆ, ಗ್ಯಾಂಗಿನ ಮೇಸ್ತ್ರಿ ಮುಕಾದಮನ ಹೆಸರು ಇಂಥದ್ದು, ಅವರು ಬಂದ ಟ್ರ್ಯಾಕ್ಟರಿನ ಮುಂದೆ ಹುಲಿಯ ಚಿತ್ರ ಇದೆ, ಗುಡಿಸಲು ಹಾಕಿದ ಹೊಲದ ಪಕ್ಕ ನೀರಿನ ದೊಡ್ಡ ಟಾಕಿ ಇದೆ. ಅಷ್ಟೂ ಹೇಳಿದಳು. ಅದನ್ನು ಹಿಡಿದುಕೊಂಡೇ ಎರಡು ದಿನದಲ್ಲಿ ಗ್ಯಾಂಗು ಸಿಕ್ಕಿತು. ಅವಳ ಬುದ್ಧಿಗೆ ಏನೂ ಆಗಿರಲಿಲ್ಲ. ಅವಳ ಮಾತು ಬಲ್ಲವರೊಬ್ಬರನ್ನು ಕರೆಯಬೇಕು ಅಂತ ನಮಗೇ ಹೊಳೆಯಲಿಲ್ಲ. ಗಡಿ ಜಿಲ್ಲೆಗಳಲ್ಲಿ ಮರಾಠಿ, ಉರ್ದು, ತೆಲುಗು ಮಾತಾಡುವ ಮಕ್ಕಳು ದಿನಾ ಬರುತ್ತಾರೆ. ಅಂಥ ಎಷ್ಟು ಮಕ್ಕಳ ಬಗ್ಗೆ "ಸ್ಪಂದಿಸುತ್ತಿಲ್ಲ" ಅಂತ ಬರೆದಿದ್ದೇವೋ ಅಂತ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಆಮೇಲೆ ನಾನು ಪ್ರಶ್ನೆ ಕೇಳುವುದನ್ನೇ ಕಡಿಮೆ ಮಾಡಿದೆ. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನಾಯ್ತು, ಹೇಳು" ಅನ್ನುತ್ತಿದ್ದೆ. ಅಷ್ಟೇ. ಮಕ್ಕಳು ದಿನವನ್ನು ಹೇಳುತ್ತಾರೆ. ಯಾರು ಎಬ್ಬಿಸಿದರು, ನೀರು ಯಾರು ತಂದರು, ತಿನ್ನಲು ಏನಿತ್ತು, ಏನಿರಲಿಲ್ಲ, ರಾತ್ರಿ ಯಾರ ಪಕ್ಕ ಮಲಗಿದರು, ಎಚ್ಚರ ಯಾವಾಗ ಆಯ್ತು. ಹೇಳುತ್ತ ಹೇಳುತ್ತ ಒಂದು ಕಡೆ ನಿಲ್ಲುತ್ತಾರೆ. ಆ ನಿಂತ ಜಾಗವನ್ನು ನೆನಪಿಟ್ಟುಕೊಳ್ಳಬೇಕು. ಅಲ್ಲಿ ಕೆದಕಬಾರದು. ಸುಮ್ನೆ ಕಾಯಬೇಕು. ಟೀಚರ್ ಆಗಿದ್ದವಳಿಗೆ ಇದು ಬಹಳ ಕಷ್ಟ. ಕ್ಲಾಸಿನಲ್ಲಿ ಉತ್ತರ ತಡವಾದರೆ ನಾವೇ ಮೊದಲ ಅಕ್ಷರ ಹೇಳಿಕೊಡುತ್ತೇವಲ್ಲ, ಇಲ್ಲಿ ಹಾಗೆ ಮಾಡಿದರೆ ಮುಂದಿನದೆಲ್ಲ ನಮ್ಮ ಕತೆಯಾಗಿಬಿಡುತ್ತದೆ, ಮಗುವಿನದಲ್ಲ.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಬರೆಯುವುದು ಕಷ್ಟ. 13 ವರ್ಷದ ಒಬ್ಬ ಹುಡುಗಿ ನನ್ನ ಕೈ ಹಿಡಿದುಕೊಂಡು, "ಯಾರ ಮುಂದೂ ಹೇಳಂಗಿಲ್ಲ ಅಂತ ಆಣಿ ಮಾಡ್ರಿ, ಆಮ್ಯಾಲ ಹೇಳ್ತೀನಿ" ಅಂದಳು. ಏನು ಹೇಳಲಿದ್ದಾಳೆ ಅಂತ ಅರ್ಧ ಗೊತ್ತಾಗಿತ್ತು. ಆಣೆ ಮಾಡಿಬಿಡೋಣ, ಮೊದಲು ಹೊಟ್ಟೆಯಲ್ಲಿರುವುದು ಹೊರಗೆ ಬರಲಿ ಅಂತ ಒಂದು ಕ್ಷಣ ಅನಿಸಿತು. ಆದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಮುಚ್ಚಿಟ್ಟರೆ 6 ತಿಂಗಳವರೆಗೆ ಶಿಕ್ಷೆ ಇದೆ. ಶಿಕ್ಷೆಯ ಮಾತು ಬಿಡಿ, ಅವಳನ್ನು ಮೋಸ ಮಾಡಿದವರು ಈಗಾಗಲೇ ಒಬ್ಬರಿದ್ದರು, ನಾನು ಎರಡನೆಯವಳಾಗುವುದೇ? ನಿಜ ಹೇಳಿದೆ. "ಕೆಲವು ಮಾತು ನಾನು ಇಟ್ಟುಕೊಳ್ಳೋಕೆ ಆಗಲ್ಲ ಮಗಾ. ನಿನಗೆ ಯಾರಾದರೂ ನೋವು ಮಾಡಿದ್ದರೆ ಅದನ್ನು ಹೇಳಬೇಕಾದವರಿಗೆ ಹೇಳಲೇಬೇಕು. ಆದರೆ ಯಾರಿಗೆ, ಯಾವಾಗ ಹೇಳ್ತೀನಿ ಅಂತ ಮೊದಲು ನಿನಗೇ ತಿಳಿಸ್ತೀನಿ." ಅವಳು ಕೈ ಬಿಟ್ಟು ಎದ್ದು ಹೋದಳು. ಎರಡು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಕೆಲಸ ಕೆಡಿಸಿಬಿಟ್ಟೆ ಅಂತಲೇ ಅಂದುಕೊಂಡಿದ್ದೆ. ಮೂರನೇ ದಿನ ಸಂಜೆ ತಾನೇ ಬಂದು ಕೂತಳು, ಹೇಳಿದಳು.

ಹೇಳಿಕೆ ತೆಗೆದುಕೊಳ್ಳುವಾಗ ಪೊಲೀಸರು ಯೂನಿಫಾರ್ಮಿನಲ್ಲಿ ಬರಬಾರದು, ಮಗುವಿಗೆ ಬೇಕಾದ ಜಾಗದಲ್ಲಿ ಕೇಳಬೇಕು, ಅದು ನಂಬುವವರು ಪಕ್ಕದಲ್ಲಿರಬೇಕು. ಕಾಯ್ದೆ ಇದನ್ನೆಲ್ಲ ಹೇಳುತ್ತದೆ. ಪಕ್ಕದಲ್ಲಿ ಯಾರಿರಲಿ ಅಂತ ಅವಳನ್ನೇ ಕೇಳಿದೆವು. ಅವ್ವ ಅಂತಾಳೆ ಅಂತ ನಾವೆಲ್ಲ ಲೆಕ್ಕ ಹಾಕಿದ್ದೆವು. ಅವಳು ಹೇಳಿದ್ದು ತನಗೆ ಮೂರು ವರ್ಷವಿದ್ದಾಗ ಅಂಗನವಾಡಿಯಲ್ಲಿ ನೋಡಿಕೊಂಡಿದ್ದ ಟೀಚರ್ ಹೆಸರು. ಆಕೆ ಬಂದರು. ಹೇಳಿಕೆ ಮುಗಿಯುವವರೆಗೂ ಹುಡುಗಿಯ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯುತ್ತ ಕೂತಿದ್ದರು.

ಕೇಳುವುದು ಇಷ್ಟು ದೂರ ಬಂತು ಅಂದುಕೊಳ್ಳೋಣ. ಸರಿಯಾದ ಜಾಗ, ಸರಿಯಾದ ಭಾಷೆ, ಪಕ್ಕದಲ್ಲಿ ಸರಿಯಾದ ಜೀವ. ಅದರ ಮುಂದಿನ ಒಂದು ಹೆಜ್ಜೆ ನಮ್ಮಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಮಗು ಹೇಳಿದ್ದು ಏನಾಯಿತು ಅಂತ ಮಗುವಿಗೆ ಬಂದು ಹೇಳುವುದು.

ಇದು ನನಗೆ ಗೊತ್ತಾದದ್ದು ಒಂದು ಮಕ್ಕಳ ಗ್ರಾಮಸಭೆಯಲ್ಲಿ. ಮಕ್ಕಳ ಗ್ರಾಮಸಭೆಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಇತಿಹಾಸವಿದೆ. 1990ರ ದಶಕದಲ್ಲೇ ಕುಂದಾಪುರ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಭೀಮ ಸಂಘದ ಹುಡುಗ ಹುಡುಗಿಯರು ಮಕ್ಕಳ ಪಂಚಾಯತಿ ಕಟ್ಟಿಕೊಂಡಿದ್ದರು. ಆಮೇಲೆ 2006ರಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿ, ಎಲ್ಲ ಗ್ರಾಮ ಪಂಚಾಯತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸಿ ಅಂದಿತು. ನಾನು ಹೋದ ಸಭೆಯಲ್ಲಿ ಶಾಮಿಯಾನ ಇತ್ತು, ಸ್ವಾಗತಗೀತೆ ಇತ್ತು, ನಮಗೆಲ್ಲ ಹಾರ ಶಾಲು ಇತ್ತು. ದೊಡ್ಡವರ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು. ಕೊನೆಗೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಮೈಕು ಹಿಡಿದಳು. ಕೈಯಲ್ಲಿ ಚೀಟಿ ಇರಲಿಲ್ಲ. "ಹ್ವಾದ ವರ್ಷ ಇದ ಸಭಾದಾಗ ಹೈಸ್ಕೂಲ್ ಹಾದ್ಯಾಗ ಲೈಟ್ ಹಾಕಸ್ರಿ ಅಂತ ಕೇಳಿದ್ವಿ. ಅಲ್ಲಿ ಸರಾಯಿ ಕುಡದವ್ರು ಕುಂತಿರ್ತಾರ. ಅದು ಏನಾತ್ರಿ?" ವೇದಿಕೆಯ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಂಚಾಯತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಹೋದ ವರ್ಷದ ನಡಾವಳಿ ಪುಸ್ತಕ ತರಿಸಿದರು. ಅದರಲ್ಲಿ ಇದ್ದದ್ದು "ಮಕ್ಕಳ ಬೇಡಿಕೆಗಳನ್ನು ಆಲಿಸಲಾಯಿತು" ಅಂತ. ಮತ್ತೆ ಅದೇ ಕರ್ಮಣಿ ಪ್ರಯೋಗ! ನನ್ನ ಶಾಲು ಅಲ್ಲೇ ಭಾರ ಅನ್ನಿಸಿತು. ಆ ದಾರಿಯ ಅಪಾಯ ನಮ್ಮ ಸಮಿತಿಗೆ ಒಂದು ಪ್ರಕರಣವಾಗಿ ಬರುವ ಮೊದಲೇ ಮಕ್ಕಳು ಎತ್ತಿ ತೋರಿಸಿದ್ದರು, ಅದೂ ಎರಡನೇ ಸಲ.

ಮಕ್ಕಳ ಮಾತು ಕೇಳಬೇಕು ಅಂದಾಗಲೆಲ್ಲ ನನಗೆ ಎದುರಾಗುವ ಒಂದು ಪ್ರಶ್ನೆ ಇದೆ. ಹಾಗಾದರೆ ಮಗು ಹೇಳಿದ್ದೆಲ್ಲ ಮಾಡಬೇಕೇನು ಮೇಡಂ ಅಂತ. ಬೇಡ. ಮಾಡಲಾಗುವುದೂ ಇಲ್ಲ. ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. 16 ವರ್ಷ. ಅರಿಶಿಣ ಹಚ್ಚಿದ ದಿನವೇ ಯಾರೋ 1098ಕ್ಕೆ ಫೋನ್ ಮಾಡಿದ್ದರು. ಮದುವೆ ನಿಂತಿತು. ನಮ್ಮ ರಾಜ್ಯದಲ್ಲಿ 2016ರ ತಿದ್ದುಪಡಿಯ ನಂತರ ಬಾಲ್ಯವಿವಾಹ ಆದರೂ ಅದು ಮದುವೆಯೇ ಅಲ್ಲ, ಮೊದಲಿನಿಂದಲೇ ಅಸಿಂಧು. ಆದರೆ ಅದು ಕಾಗದದ ಮೇಲಿನ ಮಾತು. ಇವತ್ತು ನಿಂತ ಮದುವೆ ನಾಳೆ ಬೆಳಗಿನ ಜಾವ ಪಕ್ಕದ ಊರಿನ ಗುಡಿಯಲ್ಲಿ ಆಗಿಹೋಗುತ್ತದೆ, ಎಷ್ಟೋ ಸಲ ನೋಡಿದ್ದೇವೆ. ಅದಕ್ಕೆ ಅವಳನ್ನು ಕೆಲವು ದಿನ ಬಾಲಮಂದಿರದಲ್ಲಿ ಇರಿಸಬೇಕು ಅಂತ ನಾವು ಯೋಚಿಸಿದ್ದೆವು. ಅವಳಿಗೆ ಅದೇ ರಾತ್ರಿ ಮನೆಗೆ ಹೋಗಬೇಕಿತ್ತು. ಹಟ ಮಾಡಿದಳು. ಯಾಕೆ ಅಂತ ಕೇಳುತ್ತ ಕೂತಾಗ ಬಹಳ ಹೊತ್ತಿನ ಮೇಲೆ ಹೇಳಿದಳು, "ನಾ ಇಲ್ಲಾಂದ್ರ ನಮ್ ತಂಗಿನ್ನ ಕುಂಡ್ರಸ್ತಾರ್ರೀ."

ತಂಗಿಗೆ 13 ವರ್ಷ. ಹಂದರ ಹಾಕಿಯಾಗಿತ್ತು, ಬೀಗರು ಬಂದಿದ್ದರು, ಅಡುಗೆಗೆ ಖರ್ಚಾಗಿತ್ತು. ಮರ್ಯಾದೆ ಉಳಿಸಿಕೊಳ್ಳಲು ಇನ್ನೊಬ್ಬಳನ್ನು ಅದೇ ಹಸೆಮಣೆಯ ಮೇಲೆ ಕೂರಿಸುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ನಮಗೆ ಹೊಳೆದೇ ಇರಲಿಲ್ಲ. ರಾತ್ರಿ ಒಂಬತ್ತೂವರೆಗೆ ಮತ್ತೆ ಜೀಪು ಹೋಯಿತು.

ಅವಳನ್ನು ಮಾತ್ರ ಮನೆಗೆ ಕಳಿಸಲಿಲ್ಲ. ಅವಳು ಕೇಳಿದ್ದಕ್ಕೆ ವಿರುದ್ಧವಾಗಿಯೇ ತೀರ್ಮಾನ ಮಾಡಿದೆವು. ಹಾಗೆ ಮಾಡಿದ್ದು ಸರಿ ಅಂತ ಈಗಲೂ ನಂಬಿದ್ದೇನೆ. ಆದರೆ ಆವತ್ತು ಮೊದಲ ಸಲ ನಾನು ಆದೇಶದ ಕಾಗದ ಹಿಡಿದುಕೊಂಡು ಅವಳ ಎದುರಿಗೆ ಹೋಗಿ ಕೂತೆ. ನೀನು ಏನು ಕೇಳಿದ್ದೆ, ನಾವು ಏನು ಮಾಡಿದೆವು, ಯಾಕೆ ನಿನ್ನ ಮಾತಿನಂತೆ ಮಾಡಲಿಲ್ಲ, ನಿನ್ನ ಮಾತಿನಿಂದ ಏನು ಆಯಿತು, ಎಲ್ಲ ಹೇಳಿದೆ. ತಂಗಿ ಈಗ ಅಜ್ಜಿಯ ಮನೆಯಲ್ಲಿದ್ದಾಳೆ ಅಂದೆ. ಅಳುತ್ತ ನನ್ನನ್ನು ಬೈದಳು. ಬೈಸಿಕೊಂಡೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 12ನೇ ವಿಧಿಯ ಬಗ್ಗೆ 2009ರಲ್ಲಿ ವಿವರವಾಗಿ ಬರೆದಾಗ ಇದನ್ನೇ ಹೇಳಿದೆ, ಕೇಳಿದ ಮೇಲೆ ಆ ಮಾತಿಗೆ ಎಷ್ಟು ತೂಕ ಕೊಟ್ಟಿರಿ ಅಂತ ಮಗುವಿಗೆ ತಿಳಿಸಬೇಕು ಅಂತ. ನಾನು ಅದನ್ನು ಓದಿದ್ದು ಇದಾದ ಮೇಲೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಅವಳು ಒಂದೇ ಮಾತು ಕೇಳಿದಳು. "ಮತ್ತ ಯಾವಾಗ ಕೇಳ್ತೀರಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮ ಕಾಗದದಲ್ಲಿ ಅಂಥ ಕಾಲಮ್ಮೇ ಇಲ್ಲ. ಅಲ್ಲೇ ಪೆನ್ನು ತೆಗೆದು ಹತ್ತು ದಿನದ ಆಚೆಯ ಒಂದು ತಾರೀಖು ಬರೆದೆ, ಅವಳಿಗೆ ತೋರಿಸಿದೆ. ಅವಳು ಅದನ್ನು ಅಂಗೈ ಮೇಲೆ ಬರೆದುಕೊಂಡಳು. ಆ ತಾರೀಖಿನಂದು ನನಗೆ ಜ್ವರ ಇತ್ತು. ಆದರೂ ಹೋದೆ.

ಈಗ ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಎರಡನೇ ಸಲ ನಾವು ಆತುರಪಡಲಿಲ್ಲ. ಅವ್ವನ ಊರು ಹುಡುಕಿದೆವು. ಅವನ ಆಯಿ, ಅಂದರೆ ಅವ್ವನ ಅವ್ವ, ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಳು. ಗೋವಾದಿಂದ ಅವ್ವನೂ ಬಂದಳು, ಸಿಮೆಂಟಿನಿಂದ ಬಿರಿದ ಕೈಗಳಲ್ಲಿ ಅವನ ಮುಖ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಶಾಲೆ ಬಿಡದ ಹಾಗೆ ಅವನು ಆಯಿಯ ಊರಲ್ಲಿ ಇರುವುದು, ಅವ್ವ ತಿಂಗಳಿಗೊಮ್ಮೆ ಬರುವುದು ಅಂತ ಎಲ್ಲರೂ ಮಾತಾಡಿಕೊಂಡದ್ದಾಯಿತು. ಈ ಸಲ ಮೇಜಿನ ಆಚೆ ಈಚೆ ಯಾರೂ ಇರಲಿಲ್ಲ, ಜಮಖಾನೆಯ ಮೇಲೆ ಕೂತಿದ್ದೆವು. ಅವನ ಬಗ್ಗೆ ಬರೆದದ್ದನ್ನು ಅವನಿಗೇ ಓದಿ ಹೇಳಿದೆ. ಸರಿ ಇದೆಯೇನಪ್ಪಾ ಅಂತ ಕೇಳಿದೆ.

"ಒಂದು ತಪ್ಪೈತ್ರಿ" ಅಂದ.

ಯಾವುದು ಅಂದೆ. ಬೆರಳಿಟ್ಟು ತೋರಿಸಿದ. "ಮನೆಯಿಂದ ಓಡಿ ಬಂದಿರುತ್ತಾನೆ" ಅಂತ ಮೊದಲ ವರದಿಯಲ್ಲಿದ್ದ ಸಾಲನ್ನೇ ನಾವು ಇಲ್ಲೂ ಇಳಿಸಿಕೊಂಡಿದ್ದೆವು.

"ನಾ ಓಡಿ ಬಂದಿಲ್ರೀ. ಅವ್ವನ್ನ ಹುಡುಕ್ಕೊಂತ ಬಂದೀನಿ."

ಆ ಸಾಲು ಹೊಡೆದು ಹಾಕಿದೆ. ಮೇಲೆ ಅವನು ಹೇಳಿದ್ದನ್ನು ಅವನ ಮಾತಲ್ಲೇ ಬರೆದೆ. ಅವನು ಮುಂದೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದಿದ. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು, ಅದರ ಪಕ್ಕದಲ್ಲಿ ತನ್ನ ಹೆಸರು ಬರೆದ.